ತಗ್ಗಿನ ಮಣ್ಣಿನ ಗಣಪ

ಸೊಳ್ಳೆ ಹಿಡಿಯುವುದನ್ನೇ ಕಸುಬು ಮಾಡಿಕೊಂಡ ಮನುಷ್ಯರೊಬ್ಬರು ನಮ್ಮ ಪಕ್ಕದ ಮನೆಯಲ್ಲಿದ್ದರು. ವಲೇರಿಯನ್ ಎಂದು ಹೆಸರು, ಮಂಗಳೂರಿನ ಕಡೆಯವರು. ನೈರೋಬಿಯ ರಿವರ್‌ಸೈಡಿನಲ್ಲಿ ಒಂದೇ ಕಾಂಪೌಂಡಿನೊಳಗೆ ಎರಡು ಮನೆ, ನಡುವೆ ಒಂದು ಬೇಲಿ. ಒಂದರಲ್ಲಿ ಅವರು ಮತ್ತು ಅವರ ಹೆಂಡತಿ ಫಿಲೋಮಿನಾ, ಇನ್ನೊಂದರಲ್ಲಿ ನಾವು. ನಾವು ಎಂದರೆ ಡಾಕ್ಟರಾಗಿದ್ದ ನನ್ನ ಗಂಡ ಗೋವಿಂದ, ಅವರ ತಾಯಿ ಜಯಲಕ್ಷ್ಮಮ್ಮ, ಎಂಟು ವರ್ಷದ ಮಗಳು ಪೂರ್ಣಿ, ಮತ್ತು ವೆಸ್ಟ್‌ಲ್ಯಾಂಡ್ಸಿನ ಒಂದು ಶಾಲೆಯಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದ ನಾನು, ಕಮಲಾ. ನನ್ನ ಗಂಡನಿಗೆ ರೋಗಿಗಳಿಂದ ಬಿಡುವಿರುತ್ತಿರಲಿಲ್ಲ. ಆದ್ದರಿಂದ ಈ ಕಥೆಯಲ್ಲೂ ಅವರು ಹೆಚ್ಚು ಬರುವುದಿಲ್ಲ.

ನನಗೆ ಪ್ರಶ್ನೆ ಕೇಳುವ ಚಪಲ. ಅತ್ತೆಯ ಲೆಕ್ಕದಲ್ಲಿ ಅದೊಂದು ಕಾಯಿಲೆ. ವಲೇರಿಯನ್ ಸಂಜೆ ಲ್ಯಾಬಿನಿಂದ ಬಂದು ಬೂಟು ಬಿಚ್ಚುವ ಮೊದಲೇ ನಾನು ಬೇಲಿಯ ಹತ್ತಿರ ಹಾಜರಿರುತ್ತಿದ್ದೆ. ಅವರೂ ಬೇಸರಪಡುತ್ತಿರಲಿಲ್ಲ, ಬೂಟು ಅರ್ಧ ಬಿಚ್ಚಿದಲ್ಲೇ ಬಿಟ್ಟು ಶುರುಮಾಡುತ್ತಿದ್ದರು. ಸಂಜೆ ಹೊಲದ ಬದಿಯ ಮರಕ್ಕೆ ಸಣ್ಣ ದೀಪದ ಬಲೆ ಕಟ್ಟಿ, ಪಕ್ಕದಲ್ಲಿ ಡ್ರೈ ಐಸಿನ ಡಬ್ಬಿ ತೂಗುಹಾಕುತ್ತಾರೆ. ಡ್ರೈ ಐಸಿನಿಂದ ಏಳುವ ಗಾಳಿಯನ್ನು ಸೊಳ್ಳೆ ಯಾವುದೋ ಪ್ರಾಣಿಯ ಉಸಿರೆಂದು ತಿಳಿದು ಬರುತ್ತದೆ. ಬೆಳಿಗ್ಗೆ ಬಲೆಯನ್ನು ಬಿಚ್ಚಿ, ತಣ್ಣನೆಯ ತಟ್ಟೆಯ ಮೇಲೆ ಜಾತಿ ಜಾತಿಯಾಗಿ ಆರಿಸಿ, ಒಂದೊಂದು ಗುಂಪನ್ನು ಒಂದೊಂದು ಟ್ಯೂಬಿಗೆ ಹಾಕಿ, ಅರೆದು, ಗಾಜಿನ ಸೀಸೆಯಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ ಆ ರಸವನ್ನು ಬಿಡುತ್ತಾರೆ. ಜೀವಕೋಶಗಳು ಸತ್ತರೆ ಸೊಳ್ಳೆಯಲ್ಲಿ ಏನೋ ಇತ್ತೆಂದು ಅರ್ಥ. ಸಾಯದಿದ್ದರೆ ಮರುದಿನ ಮತ್ತೆ ಬಲೆ.

"ಅರಿಯೋದು ಅಂದ್ರೆ, ಚಟ್ನಿ ತರಾನಾ?" ಎಂದು ಅತ್ತೆ ಒಮ್ಮೆ ಕೇಳಿದ್ದರು.

"ಚಟ್ನಿಗಿಂತ ನೈಸ್ ಅಮ್ಮ," ಎಂದಿದ್ದರು ವಲೇರಿಯನ್.

ಅವರ ತಲೆಯನ್ನು ತಿನ್ನುತ್ತಿದ್ದ ಪ್ರಶ್ನೆ ಒಂದೇ. ಎಪ್ಪತ್ತರ ದಶಕದ ಕೊನೆಯ ದೊಡ್ಡ ಮಳೆಗಳಲ್ಲಿ ಅಲ್ಲಿ ರಿಫ್ಟ್ ವ್ಯಾಲಿ ಜ್ವರ ಎದ್ದಿತ್ತು. ಗಬ್ಬವಾಗಿದ್ದ ಕುರಿ, ದನ ಕಂದು ಹಾಕಿದವು, ಮರಿಗಳು ರಾಶಿ ರಾಶಿಯಾಗಿ ಸತ್ತವು, ಮನುಷ್ಯರಿಗೂ ಜ್ವರ ಬಂತು. ಹೆಚ್ಚಿನವರಿಗೆ ನಾಲ್ಕು ದಿನದ ಮೈಕೈ ನೋವಿನಲ್ಲಿ ಹೋಯಿತು, ಎಲ್ಲೋ ಕೆಲವರ ಕಣ್ಣು ಹೋಯಿತು, ಜೀವವೂ ಹೋಯಿತು. ಮಳೆ ನಿಂತಿತು, ಜ್ವರವೂ ನಿಂತಿತು. ಹಾಗಾದರೆ ಮುಂದಿನ ದೊಡ್ಡ ಮಳೆಯವರೆಗೆ ಆ ವೈರಸ್ ಎಲ್ಲಿ ಕೂತಿರುತ್ತದೆ? ಅವರ ಡೈರೆಕ್ಟರು ಕಾಡೆಮ್ಮೆಯಂಥ ಯಾವುದೋ ಕಾಡುಪ್ರಾಣಿಯಲ್ಲಿ ಎನ್ನುತ್ತಿದ್ದರು. ವಲೇರಿಯನ್ ಸೊಳ್ಳೆಯ ಮೊಟ್ಟೆಯಲ್ಲಿ ಎನ್ನುತ್ತಿದ್ದರು. ಒಂದು ಜಾತಿಯ ಸೊಳ್ಳೆ ನೀರಿನ ಮೇಲೆ ಮೊಟ್ಟೆಯಿಡುವುದಿಲ್ಲ. ಮಳೆಯಲ್ಲಿ ತುಂಬಿ ಬೇಸಿಗೆಯಲ್ಲಿ ಬತ್ತುವ ಹುಲ್ಲುಗಾವಲಿನ ತಗ್ಗುಗಳಲ್ಲಿ ಹಸಿ ಮಣ್ಣಿಗೆ ಮೊಟ್ಟೆ ಸೇರಿಸುತ್ತದೆ. ಮಣ್ಣು ಒಣಗಿದರೂ ಮೊಟ್ಟೆ ಸಾಯದೆ ವರ್ಷಗಟ್ಟಲೆ ಕಾಯುತ್ತದೆ. ತಾಯಿಯಲ್ಲಿದ್ದ ವೈರಸ್ಸೂ ಆ ಮೊಟ್ಟೆಯೊಳಗೇ ಕಾಯುತ್ತದೆ ಎಂಬುದು ಅವರ ವಾದ.

ವಾದ ಮಾಡುವುದು ಸುಲಭ, ತೋರಿಸುವುದು ಕಷ್ಟ. ರುಯಿರು ಕಡೆಯ ಒಂದು ಫಾರ್ಮಿನ ತಗ್ಗಿನಿಂದ ಅವರು ಮೂಟೆಗಟ್ಟಲೆ ಒಣ ಎರೆಮಣ್ಣು ತಂದು, ಲ್ಯಾಬಿನ ಟ್ರೇಗಳಲ್ಲಿ ಹರಡಿ, ಶುದ್ಧ ನೀರು ತುಂಬಿ ಕಾದರು. ಒಂದು ಮರಿಯೂ ಏಳಲಿಲ್ಲ. ಹುಲ್ಲು ಕೊಳೆಸಿದ ನೀರನ್ನೂ ಒಮ್ಮೆ ಹಾಕಿ ನೋಡಿದರು. ಎದ್ದದ್ದು ಬೆರಳೆಣಿಕೆಯಷ್ಟು. ಆ ಮಣ್ಣನ್ನು ಎಸೆದು ಬೇರೆ ಮಣ್ಣು ತಂದರು, ಅದೇ ಹಾಡು. ಎಂಬತ್ತೊಂದರ ಜುಲೈನಲ್ಲಿ ಡೈರೆಕ್ಟರು ಕರೆದು, ಡಿಸೆಂಬರಿಗೆ ಮಣ್ಣಿನ ಕೆಲಸ ಸಾಕು, ಜನವರಿಯಿಂದ ಕಾಡುಪ್ರಾಣಿಗಳ ರಕ್ತ ನೋಡೋಣ ಎಂದರು.

"ಕೆಲಸಕ್ಕೆ ತೊಂದರೆ ಇಲ್ಲ ಟೀಚರ್," ಎಂದರು ವಲೇರಿಯನ್ ಬೇಲಿಯ ಆಚೆಯಿಂದ. "ಆದ್ರೆ ಹೌದೋ ಅಲ್ವೋ ಅಂತ ಗೊತ್ತಾಗದೆ ಇದನ್ನು ಬಿಡೋದು ಹೇಗೆ ಮಾರಾಯ್ರೆ? ಇಲ್ಲ ಅಂತ ಆದ್ರೂ ಗೊತ್ತಾಗ್ಬೇಕಲ್ಲ."

ಅವರ ಆ ಸಂಕಟ ನನಗೆ ಚೆನ್ನಾಗಿ ಅರ್ಥವಾಗುತ್ತಿತ್ತು. ಅರ್ಥವಾಗದಿದ್ದವರು ಅತ್ತೆ. ಅವರ ತಲೆಯಲ್ಲಿ ಆಗ ಗಣಪತಿ ಹಬ್ಬವಿತ್ತು.

ನೈರೋಬಿಯಲ್ಲಿ ಮಣ್ಣಿನ ಗಣಪತಿ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಅತ್ತೆ ಪ್ರತಿವರ್ಷ ತಾವೇ ಮಾಡುತ್ತಿದ್ದರು, ಮಣ್ಣಿಗೆ ಮಾತ್ರ ಪ್ರತಿವರ್ಷ ಪರದಾಟ. ಕೆಂಪು ಮಣ್ಣು ಉದುರುತ್ತದೆ, ಹೂದೋಟದ ಮಣ್ಣಿನಲ್ಲಿ ಗೊಬ್ಬರ ಸೇರಿರುತ್ತದೆ, ದೇವರಿಗೆ ಆಗದು. ಆ ವರ್ಷ ಅವರೇ ಬೇಲಿಯ ಹತ್ತಿರ ಹೋಗಿ ಕೇಳಿದರು: "ಏನಪ್ಪಾ ವಲೇರಿಯನ್ನು, ಊರೆಲ್ಲಾ ಸುತ್ತುತೀಯ, ಜಿಗಟಾಗಿರೋ ಮಣ್ಣು ಒಂದು ಬುಟ್ಟಿ ತಂದ್ಕೊಡು. ಯಾರೂ ತುಳಿದಿರಬಾರ್ದು ನೋಡು."

"ಅದಕ್ಕೆಂತ ಅಮ್ಮ, ತರುವ," ಎಂದರು ಅವರು. ತಂದರು ಕೂಡ. ಎಲ್ಲಿಂದ? ಅದೇ ತಗ್ಗಿನಿಂದ. ವರ್ಷಗಟ್ಟಲೆ ಆ ಮಣ್ಣಿನ ಹಿಂದೆ ಅಲೆದ ಮನುಷ್ಯನಿಗೆ, ಅತ್ತೆ ಕೇಳಿದ ಕೂಡಲೇ ಅದು ಬರೀ ಗಣಪತಿಯ ಮಣ್ಣಾಗಿಬಿಟ್ಟಿತು. ನನಗೂ ಏನೂ ಹೊಳೆಯಲಿಲ್ಲ. ಹಬ್ಬದ ಗಡಿಬಿಡಿಯಲ್ಲಿ ಓದಿದ ವಿದ್ಯೆಯನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ?

ಅತ್ತೆ ಮಣ್ಣನ್ನು ಸೋಸಿ, ನೆನೆಸಿ, ನಾದಿ ಮುದ್ದಾದ ಗಣಪತಿ ಮಾಡಿದರು. ಎರೆಮಣ್ಣಲ್ಲವೇ, ಒಣಗುತ್ತ ಬಂದಂತೆ ಹೊಟ್ಟೆ ಬಿರುಕುಬಿಟ್ಟಿತು. ಅತ್ತೆ ಒದ್ದೆ ಬಟ್ಟೆ ಸುತ್ತಿ, ಬಿರುಕಿಗೆ ಮಣ್ಣು ಮೆತ್ತಿ ಸರಿಮಾಡಿದರು. ಮತ್ತೆ ಒಣಗಿತು, ಮತ್ತೆ ಬಿರಿಯಿತು. ಹಬ್ಬದ ಬೆಳಿಗ್ಗೆಯವರೆಗೂ ಇದೇ ಆಟ. ಕೊನೆಗೆ ಹೊಟ್ಟೆಗೆ ಅರಿಶಿನ ಬಳಿದು, "ಇಷ್ಟು ಕಡುಬು ತಿಂದ್ರೆ ಯಾರ ಹೊಟ್ಟೆನೂ ಬಿರಿಯುತ್ತೆ, ಬಿಡು" ಎಂದರು. ಹಬ್ಬ ಚೆನ್ನಾಗಿಯೇ ಆಯಿತು. ವಲೇರಿಯನ್ ಮತ್ತು ಫಿಲೋಮಿನಾ ಬಂದು ಊಟ ಮಾಡಿದರು, ಗಣಪತಿಯ ಸೊಂಡಿಲನ್ನು ಹೊಗಳಿದರು.

ಐದನೆಯ ದಿನ ವಿಸರ್ಜನೆ. ಹೊಳೆಗೆ ಬಿಡೋಣವೆಂದರೆ ನೈರೋಬಿ ಹೊಳೆಯ ನೀರನ್ನು ಕಂಡು ಅತ್ತೆ ಮೂಗು ಮುಚ್ಚಿಕೊಳ್ಳುತ್ತಿದ್ದರು. ಹಾಗಾಗಿ ಹಿಂದಿನ ಜಗುಲಿಯಲ್ಲಿ ಒಂದು ದೊಡ್ಡ ಬಕೆಟ್ಟು. ಮಂತ್ರ ಹೇಳಿ, ಮತ್ತೆ ಬಾರಪ್ಪಾ ಎಂದು ಬೇಡಿಕೊಂಡು, ಗಣಪತಿಯನ್ನು ಮುಳುಗಿಸಿ, ಗರಿಕೆ, ಹೂವು, ಒಂದು ಚೂರು ಬೆಲ್ಲ, ಎರಡು ಕಡುಬನ್ನೂ ಜೊತೆಗೆ ಹಾಕಿದರು. ಮೇಲೆ ಹಿತ್ತಾಳೆಯ ತಟ್ಟೆ ಮುಚ್ಚಿದರು. ಮಣ್ಣು ಪೂರ್ತಿ ಕರಗಿದ ಮೇಲೆ ಆ ನೀರನ್ನು ದಾಸವಾಳದ ಬುಡಕ್ಕೆ ಸುರಿಯುವುದು ನಮ್ಮ ಮನೆಯ ಪದ್ಧತಿ.

ಮೂರು ದಿನ ಬಿಟ್ಟು ಸುರಿಯಲು ಹೋದ ನಾನು ತಟ್ಟೆ ತೆಗೆದರೆ, ಹುಳಿ ವಾಸನೆ ರಪ್ಪೆಂದು ಮುಖಕ್ಕೆ ಬಡಿಯಿತು. ನೀರೊಳಗೆ ನೂರಾರು ಸಣ್ಣ ಮರಿಗಳು ಕೊಕ್ಕೆ ಕೊಕ್ಕೆಯಾಗಿ ಕುಣಿಯುತ್ತಿದ್ದವು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು ಎಂದುಕೊಂಡೆ. ಸುರಿಯಲು ಬಕೆಟ್ಟನ್ನು ಎತ್ತಿದೆ ಕೂಡ.

ಆಗ ನನ್ನ ಚಪಲ ಎಚ್ಚರವಾಯಿತು. ಬಕೆಟ್ಟಿಗೆ ಮುಚ್ಚಳವಿತ್ತು, ಸೊಳ್ಳೆ ಒಳಗೆ ಹೋಗಿದ್ದು ಹೇಗೆ? ಒಂದು ಹೇಗೋ ನುಸುಳಿತೆಂದೇ ಇಟ್ಟುಕೊಳ್ಳೋಣ. ಸೆಪ್ಟೆಂಬರಿನ ಆ ಚಳಿಯಲ್ಲಿ ಮೊಟ್ಟೆ ಒಡೆಯಲಿಕ್ಕೇ ಎರಡು ಮೂರು ದಿನ ಬೇಕು. ಇವು ಆಗಲೇ ಕಣ್ಣಿಗೆ ಎದ್ದು ಕಾಣುವಷ್ಟು ಬೆಳೆದಿವೆ. ಅಷ್ಟೂ ಒಂದೇ ಅಳತೆ ಬೇರೆ, ಒಂದೇ ಗಳಿಗೆಯಲ್ಲಿ ಹುಟ್ಟಿದ ಹಾಗೆ. ಹಾಗಾದರೆ ನೀರಿಗಿಂತ ಮೊದಲೇ ಮೊಟ್ಟೆ ಅಲ್ಲಿತ್ತು. ಎಲ್ಲಿ? ನೀರಿನಲ್ಲಿ ಇದ್ದದ್ದು ಗಣಪತಿ ಒಬ್ಬನೇ. ಬಕೆಟ್ಟನ್ನು ಕೆಳಗಿಟ್ಟು ಬೇಲಿಯ ಕಡೆ ಓಡಿದೆ.

ವಲೇರಿಯನ್ ಬನಿಯನ್ನಿನಲ್ಲೇ ಬಂದರು. ಟಾರ್ಚು ಹಾಕಿ ಬಗ್ಗಿ ನೋಡಿದರು. ಆಮೇಲೆ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಕೊಂಕಣಿಯಲ್ಲಿ ದೇವರನ್ನು ಕರೆದರು.

"ಟೀಚರ್, ಇದು ನಂದು. ನಾನು ಹುಡುಕ್ತಾ ಇದ್ದದ್ದು ಇದೇ ಜಾತಿ. ಯಾಕೆ ಎದ್ದಿತು ಇದು? ಲ್ಯಾಬಲ್ಲಿ ಏಳದ್ದು ನಿಮ್ಮ ಬಕೆಟಲ್ಲಿ ಯಾಕೆ ಎದ್ದಿತು?"

ಒಳಗೆ ಅತ್ತೆಯ ಸಂಜೆಯ ಜಪ ನಿಂತಿತು, ಅವರೂ ಬಂದು ಬಗ್ಗಿ ನೋಡಿದರು. "ಮತ್ತೆ ಬಾರಪ್ಪಾ ಅಂದಿದ್ದು ಹೀಗೆ ಸೊಳ್ಳೆಯಾಗಿ ಬಾ ಅಂತಲ್ಲ," ಎಂದರು. "ಸುರಿ ಕಮಲಾ, ಗಿಡಕ್ಕೆ."

"ಅಮ್ಮ, ಇದನ್ನ ನನಗೆ ಕೊಡಿ," ಎಂದರು ವಲೇರಿಯನ್.

"ವಿಸರ್ಜನೆಯಾದ ನೀರಪ್ಪ ಅದು. ತಗೊಂಡು ಹೋಗಿ ಏನು ಮಾಡ್ತೀಯ?"

"ದೊಡ್ಡದು ಮಾಡ್ತೇನೆ."

"ಆಮೇಲೆ?"

ವಲೇರಿಯನ್ನರಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. "ಅರೀತೇನೆ," ಎಂದರು.

ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರು. ಇನ್ನು ಮಾತಿಲ್ಲ ಎಂದು ಅದರ ಅರ್ಥ. ನಾನು ನಡುವೆ ಬಾಯಿ ಹಾಕಿ, ಆ ಮೊಟ್ಟೆಗಳು ಯಾವತ್ತಿನವು ಎಂದು ವಲೇರಿಯನ್ನರನ್ನು ಕೇಳಿದೆ. ಆ ತಗ್ಗಿನಲ್ಲಿ ದೊಡ್ಡ ಮಳೆಗಳ ಕಾಲದ ನಂತರ ನೀರೇ ನಿಂತಿಲ್ಲ, ಅಂದರೆ ಪೂರ್ಣಿ ಶಾಲೆಗೆ ಸೇರಿದಾಗಿನಿಂದ ಅವು ಒಣಮಣ್ಣಿನಲ್ಲಿ ಸುಮ್ಮನೆ ಕೂತಿವೆ ಎಂದರು ಅವರು.

"ಅನ್ನ ನೀರು ಇಲ್ದೇನಾ?" ಅತ್ತೆಯ ಕಣ್ಣು ಅರಳಿತು. "ನಾನು ನಾದಿ, ಸೋಸಿ, ಮೆತ್ತಿದೆನಲ್ಲ, ಆಗಲೂ ಸಾಯ್ಲಿಲ್ವಾ?" ಬಕೆಟ್ಟಿನ ಪಕ್ಕದಲ್ಲೇ ಕೂತರು. ಸ್ವಲ್ಪ ಹೊತ್ತು ಆ ಕುಣಿತವನ್ನೇ ನೋಡಿದರು. "ಮಣ್ಣು ಮಾತ್ರ ವಾಪಸ್ ಬರಬೇಕು. ಗಿಡಕ್ಕೆ ಸೇರಬೇಕಾದ್ದು ಗಿಡಕ್ಕೇ."

"ಬೇಯಿಸಿ ತಂದು ಕೊಡ್ತೇನೆ ಅಮ್ಮ. ಹಾಗೇ ತರೋ ಹಾಗಿಲ್ಲ."

"ಗಣಪತೀನ ಬೇಯಿಸ್ತಾನಂತೆ, ಕೇಳ್ಕೊ!" ಎಂದು ಅತ್ತೆ ನನ್ನ ಕಡೆ ತಿರುಗಿದರು. ಆದರೆ ಬಕೆಟ್ಟಿನ ಬಾಯಿಗೆ ಕಟ್ಟಲು ತಮ್ಮ ಹಳೆಯ ವಾಯಿಲ್ ಸೀರೆಯನ್ನು ಹರಿದು ಕೊಟ್ಟವರೂ ಅವರೇ.

ಯಾಕೆ ಎದ್ದವು ಎಂಬ ಪ್ರಶ್ನೆಯನ್ನು ನಾನೂ ವಲೇರಿಯನ್ನರೂ ಎರಡು ವಾರ ಜಗಿದೆವು. ಅವರು ಬಕೆಟ್ಟಿನಲ್ಲಿ ಏನೇನಿತ್ತೆಂದು ಕೇಳುವರು, ನಾನು ಹೇಳುವೆ. ಮಣ್ಣಿಗೆ ಏನೇನು ಮಾಡಿದಿರೆಂದು ಕೇಳುವರು, ಅತ್ತೆಯನ್ನು ಕರೆಯುವೆ. ಬೆಲ್ಲ, ಕಡುಬು ಕೊಳೆತು ನೀರಿನೊಳಗಿನ ಗಾಳಿ ಕಮ್ಮಿಯಾಗುತ್ತದೆ, ಮೊಟ್ಟೆಗೆ ಅದೇ ಏಳುವ ಸೂಚನೆ. ಅಷ್ಟು ಅವರಿಗೆ ಗೊತ್ತಿದ್ದದ್ದೇ, ಹುಲ್ಲಿನ ನೀರು ಹಾಕಿದ್ದೂ ಅದಕ್ಕೇ. ಹೊಸದೆಂದರೆ ಆ ಬಿರಿದ ಹೊಟ್ಟೆ. ನಾನು ಒಂದು ಸಂಜೆ ಸುಮ್ಮನೆ, "ಎಷ್ಟು ಸಲ ಒದ್ದೆ ಬಟ್ಟೆ ಸುತ್ತಿದಿರಿ ಅತ್ತೆ?" ಎಂದೆ. ವಲೇರಿಯನ್ ಕುಳಿತಲ್ಲಿಂದ ಎದ್ದು ನಿಂತರು.

"ನೆನೆಸಿದ್ದು, ಒಣಗಿಸಿದ್ದು, ಪುನಃ ನೆನೆಸಿದ್ದು. ಮೊದಲ ನೀರಿಗೆ ಅವು ಏಳುವುದಿಲ್ಲ ಟೀಚರ್! ಹುಸಿ ಮಳೆ ಇರಬಹುದು ಅಂತ ಕಾಯ್ತವೆ. ನಾನು ಒಂದು ನೀರಿಗೇ ನೋಡಿ ಎಸೆದೆ. ಎಷ್ಟು ಮೂಟೆ ಎಸೆದೆ ದೇವರೇ!" ಎಂದು ಹಣೆ ಹಣೆ ಬಡಿದುಕೊಂಡರು. ಬೆಣ್ಣೆಯನ್ನು ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಕಥೆ.

ಬಕೆಟ್ಟಿನ ಸೊಳ್ಳೆಗಳು ಲ್ಯಾಬಿನ ಪಂಜರದಲ್ಲಿ ರೆಕ್ಕೆ ಪಡೆದವು. ಅವನ್ನು ಆರಿಸಿ, ಅರೆದು, ಜೀವಕೋಶಗಳ ಮೇಲೆ ಬಿಟ್ಟದ್ದೂ ಆಯಿತು. ಏನೂ ಸಿಗಲಿಲ್ಲ. ಸಾವಿರದಲ್ಲಿ ಒಂದಕ್ಕೋ ಎರಡಕ್ಕೋ ಇರಬಹುದಾದದ್ದು, ಒಂದು ಬಕೆಟ್ಟಿನಲ್ಲಿ ಸಿಗುತ್ತದೆಯೇ? ಅವರು ಎದೆಗುಂದಲಿಲ್ಲ. ದಾರಿ ಗೊತ್ತಾಗಿತ್ತಲ್ಲ. ಅದೇ ತಗ್ಗಿನ ಮಣ್ಣನ್ನು ಲಾರಿಯಲ್ಲಿ ತರಿಸಿ, ನೆನೆಸಿ, ಒಣಗಿಸಿ, ಕಬ್ಬಿನ ಬೆಲ್ಲ ಕದಡಿದ ನೀರು ತುಂಬಿದರು. ಲ್ಯಾಬಿನ ಹಿಂದಿನ ಶೆಡ್ಡು ಅಕ್ಟೋಬರಿನಲ್ಲಿ ಸೊಳ್ಳೆಮರಿಗಳಿಂದ ತುಂಬಿಹೋಯಿತು.

ಗಂಡು ಹೆಣ್ಣು ಬೇರೆ ಬೇರೆ ಟ್ಯೂಬಿಗೆ ಹೋಗುತ್ತಿದ್ದವು. ಅತ್ತೆಗೆ ಅದೇಕೆಂದು ನಾನು ವಿವರಿಸಿದೆ. ಕಚ್ಚುವುದು ಹೆಣ್ಣು ಮಾತ್ರ, ರಕ್ತದಿಂದ ರೋಗ ಹತ್ತುವುದೂ ಹೆಣ್ಣಿಗೇ. ಗಂಡು ಹೂವಿನ ರಸ ಕುಡಿದು ಬದುಕುವ ಬಡಪಾಯಿ. ಗಂಡಿನಲ್ಲಿ ವೈರಸ್ ಸಿಕ್ಕಿದರೆ ಅದು ಹುಟ್ಟುವಾಗಲೇ ತಾಯಿಯಿಂದ ಬಂದದ್ದೇ ಸರಿ, ಡೈರೆಕ್ಟರೂ ತುಟಿ ಬಿಚ್ಚುವ ಹಾಗಿಲ್ಲ.

"ಅಂದ್ರೆ ತಾಯಿ ಮಾಡಿದ್ದು ಗೊತ್ತಾಗೋಕೆ ಮಗನ್ನ ಅರೀಬೇಕು ಅನ್ನು," ಎಂದರು ಅತ್ತೆ. ಅಂದಿನಿಂದ ದಿನಾ ಬೆಳಿಗ್ಗೆ ವಲೇರಿಯನ್ ಕಾರು ತೆಗೆಯುವಾಗ ಅತ್ತೆಯದೂ ಒಂದು ಪ್ರಶ್ನೆ: "ಬಂತೇನಪ್ಪಾ?" ಇಲ್ಲವೆಂದು ಅವರು ತಲೆಯಾಡಿಸುವರು. ನನ್ನ ಕಾಯಿಲೆ ಅತ್ತೆಗೂ ಅಂಟಿತ್ತು.

ನವೆಂಬರ್ ಕೊನೆಯ ಒಂದು ಶನಿವಾರ ಮಧ್ಯಾಹ್ನ ಅವರ ಕಾರು ಗೇಟಿನೊಳಗೆ ಬಂತು. ಅವರು ತಮ್ಮ ಮನೆಗೆ ಹೋಗದೆ ನೇರವಾಗಿ ನಮ್ಮ ಅಡುಗೆಮನೆಯ ಬಾಗಿಲಿಗೆ ಬಂದರು. ಕೈಯಲ್ಲೊಂದು ಸ್ಟೀಲ್ ಡಬ್ಬಿಯಿತ್ತು.

"ಬಂತಾ?" ಎಂದರು ಅತ್ತೆ.

"ಬಂತು ಅಮ್ಮ."

"ಅಬ್ಬ! ಕಮಲಾ, ಶಾವಿಗೆ ತೆಗಿ, ಪಾಯಸ ಮಾಡೋಣ."

ವಲೇರಿಯನ್ ನಗಲಿಲ್ಲ. ಡಬ್ಬಿಯನ್ನು ಮೇಜಿನ ಮೇಲಿಟ್ಟು ಮುಚ್ಚಳ ತೆಗೆದರು. ಸಿರಿಂಜು, ಹತ್ತಿ, ಸ್ಪಿರಿಟ್ಟು. "ಪಾಯಸ ಆಮೇಲೆ. ಕೂತ್ಕೊಳ್ಳಿ ಅಮ್ಮ, ಕೈ ಕೊಡಿ. ಟೀಚರ್, ನೀವೂ. ಮಗು ಎಲ್ಲಿ?"

ಒಂದು ಕ್ಷಣ ನನಗೆ ತಲೆಬುಡ ತಿಳಿಯಲಿಲ್ಲ. ಅವರೇ ಬಿಡಿಸಿ ಹೇಳಿದರು. "ಆ ತಗ್ಗಿನ ಮಣ್ಣಲ್ಲಿ ವೈರಸ್ ಉಂಟು ಅಂತ ಆಯ್ತು. ಅದೇ ಮಣ್ಣನ್ನು ನಾನೇ ಬುಟ್ಟಿಯಲ್ಲಿ ತಂದು ಈ ಮನೆಗೆ ಕೊಟ್ಟದ್ದು. ಸೀಸೆಯಲ್ಲಿ ಅದನ್ನ ನೋಡಿದಾಗ ಖುಷಿ ಆಯ್ತು. ಮತ್ತೆ ಕಾರಲ್ಲಿ ಕೂತಾಗ ಕೈಕಾಲು ತಣ್ಣಗಾಯ್ತು."

"ಬಕೆಟ್ಟಿನ ಸೊಳ್ಳೆಗಳಲ್ಲಿ ಏನೂ ಸಿಗಲಿಲ್ಲ ಅಂದ್ರಲ್ಲ?"

"ಸಿಗಲಿಲ್ಲ ಅಂದ್ರೆ ಇರಲಿಲ್ಲ ಅಂತ ಅಲ್ಲ ಟೀಚರ್."

ಅತ್ತೆ ಬಳೆ ಮೇಲೆ ಸರಿಸಿ ಕೈ ಚಾಚಿದರು. ಅವರದಾಯಿತು, ನನ್ನದಾಯಿತು. ಪೂರ್ಣಿ ಅಂಗಳದಿಂದ ಬಂದು ಸಿರಿಂಜನ್ನು ಕಂಡು ಬಾಗಿಲಲ್ಲೇ ನಿಂತಳು. ನಮ್ಮ ಮಾತನ್ನು ಅವಳು ಕೇಳಿಸಿಕೊಂಡಿದ್ದಳೆಂದು ಕಾಣುತ್ತದೆ. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಒಳಗೆ ಹೋಗಿ ಒಂದು ಖಾಲಿ ಜಾಮ್ ಬಾಟಲಿ ತಂದು ಮೇಜಿನ ಮೇಲಿಟ್ಟಳು.

"ಅಂಕಲ್, ಡು ಯೂ ವಾಂಟ್ ಮೈನ್ ಆಲ್ಸೋ?"

"ಇದೆಂತ ಪುಟ್ಟಿ?"

ಅಂಕಲ್ ಬಕೆಟ್ಟು ಒಯ್ಯುವ ಮೊದಲೇ ತಾನು ಒಂದು ಲೋಟ ನೀರನ್ನು ಬಾಟಲಿಗೆ ತುಂಬಿಕೊಂಡಿದ್ದಾಗಿ, ಮಂಚದ ಪಕ್ಕದ ಕಿಟಕಿಯಲ್ಲಿ ಇಟ್ಟು ದಿನಾ ನೋಡುತ್ತಿದ್ದಾಗಿ ಅವಳು ಹೇಳಿದಳು. "ದೆನ್ ದೇ ಗಾಟ್ ವಿಂಗ್ಸ್," ಎಂದಳು. "ದೇ ಆಲ್ ಫ್ಲೂ ಅವೇ." ಹಾರಿಹೋಗುವ ಮುಂಚೆ ಕಚ್ಚಿದವೇ ಎಂದು ವಲೇರಿಯನ್ ಕೇಳಿದರು. ಗೊತ್ತಿಲ್ಲ, ಏನೋ ಕಚ್ಚಿತ್ತು, ತುರಿಸುತ್ತಿತ್ತು ಎಂದಳು.

ನನಗೆ ಸಿಟ್ಟು ನೆತ್ತಿಗೇರಿತು. ಮಣ್ಣು ತಂದವರ ಮೇಲೆ, ತರಿಸಿದವರ ಮೇಲೆ, ದಿನಾ ಬೇಲಿ ಹಿಡಿದು ನಿಂತು ಸೊಳ್ಳೆಯ ಕಥೆ ಕೇಳಿ ಮಗಳಿಗೂ ಆ ಹುಚ್ಚು ಹಿಡಿಸಿದ ನನ್ನ ಮೇಲೆ. ವಲೇರಿಯನ್ನರನ್ನು ಬಾಯಿಗೆ ಬಂದಂತೆ ಬೈದೆ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡು, ಹೊಸ ಸೂಜಿ ಬಿಚ್ಚಿದರು. ಮೂವರ ರಕ್ತದಲ್ಲೂ ಏನೂ ಇಲ್ಲವೆಂದು ಎರಡು ವಾರದ ಮೇಲೆ ತಿಳಿಯಿತು, ಅದು ಆಮೇಲಿನ ಮಾತು. ಆ ಮಧ್ಯಾಹ್ನ ನಮಗೆ ಏನೂ ತಿಳಿದಿರಲಿಲ್ಲ. ಪೂರ್ಣಿ ಅಜ್ಜಿಯ ಮಡಿಲಲ್ಲಿ ಮುಖ ಹುದುಗಿಸಿ ಅಳುತ್ತಿದ್ದಳು. ಅವಳ ಸಣ್ಣ ತೋಳನ್ನು ನಾನೇ ಹಿಡಿದಿದ್ದೆ. ಸೂಜಿ ಹೊರಬಂತು, ನಾನು ಹತ್ತಿ ಒತ್ತಿದೆ. ಆ ಹೊತ್ತಿನಲ್ಲಿ, ತಡೆಯಲಾರದೆ, ನನ್ನ ಬಾಯಿ ಕೇಳಿಯೇಬಿಟ್ಟಿತು:

"ಯಾವ ಟ್ಯೂಬು? ಹೆಣ್ಣಾ, ಗಂಡಾ?"

ವಲೇರಿಯನ್ ತಲೆಯೆತ್ತಿದರು. "ಗಂಡು," ಎಂದರು. "ಬರೀ ಗಂಡು, ಟೀಚರ್. ಎರಡು ಸಲ ನೋಡಿದೆ."

ಅವರ ಮುಖದಲ್ಲಿ ನಗು ಬಂದುಬಿಟ್ಟಿತ್ತು. ನನ್ನ ಮುಖದಲ್ಲೂ ಬಂದಿರಬೇಕು, ಯಾಕೆಂದರೆ ಅತ್ತೆ ನಮ್ಮಿಬ್ಬರನ್ನೂ ಒಂದು ಸಲ ನೋಡಿ, ಮೊಮ್ಮಗಳ ತಲೆಯನ್ನು ಎರಡೂ ಕೈಯಿಂದ ಮುಚ್ಚಿಕೊಂಡರು.

"ಮಗು ಅಳ್ತಿದೆ ಕಣೇ," ಎಂದರು.